ತರಗತಿ ರಸಪ್ರಶ್ನೆ: ಬಳಕೆದಾರರ ಕೈಪಿಡಿ

ನಮ್ಮ ಸಾಧನವನ್ನು ಆಯ್ದುಕೊಂಡದ್ದಕ್ಕೆ ವಂದನೆಗಳು. ಆಯ್ದುಕೊಂಡದ್ದು ತಾವಲ್ಲ, ನ್ಯಾಕ್ ತಂಡ ಬರುವ ಮುಂಚೆ ‘ನವೀನ ಬೋಧನಾ ವಿಧಾನ’ದ ಕಡತ ಖಾಲಿಯಿರುವುದು ಎಚ್‌ಒಡಿಯವರ ಕಣ್ಣಿಗೆ ಬಿತ್ತು ಎಂಬುದು ನಮಗೂ ಗೊತ್ತು. ಇರಲಿ. ಈ ಕೈಪಿಡಿ ಮೊದಲ ವರ್ಷದ ಬಿ.ಇ.ಗೆ ಸಿ ಪ್ರೋಗ್ರಾಮಿಂಗ್ ಹೇಳಿಕೊಡುವ ಮೇಷ್ಟ್ರು, ಮೇಡಂಗಳಿಗಾಗಿ.

ಪೆಟ್ಟಿಗೆಯಲ್ಲಿ ಏನಿದೆ: ಏನೂ ಇಲ್ಲ. ಬೇಕಾದ ಉಪಕರಣ ವಿದ್ಯಾರ್ಥಿಗಳ ಜೇಬಿನಲ್ಲಿದೆ, ತರಗತಿಗೆ ತರಕೂಡದೆಂದು ಬಾಗಿಲ ಮೇಲೆ ಬರೆದಿರುವ ಅದೇ ಮೊಬೈಲ್. ಒಂದು ಗಂಟೆಯ ಮಟ್ಟಿಗೆ ಆ ಫಲಕದ ಮೇಲೆ ಕ್ಯಾಲೆಂಡರ್ ನೇತುಹಾಕಿ. ಎಲ್ಲರ ಬಳಿ ಡೇಟಾ ಇಲ್ಲವೆಂದಾದರೆ ಪ್ಲಿಕರ್ಸ್ ಇದೆ. ಮುದ್ರಿಸಿದ ಕಾಗದದ ಚೀಟಿ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ವಿದ್ಯಾರ್ಥಿ ತಿರುಗಿಸಿ ಹಿಡಿದರೆ, ಮೇಷ್ಟ್ರ ಒಂದೇ ಫೋನಿನ ಕ್ಯಾಮೆರಾ ಇಡೀ ಕೋಣೆಯನ್ನು ಓದುತ್ತದೆ.

ಎಚ್ಚರಿಕೆ: ಮೊಬೈಲಿನಲ್ಲಿ ಆಡುವ ರಸಪ್ರಶ್ನೆ ಕಹೂಟ್ ಬಳಸುವವರು ಕಿವಿಗೆ ಹತ್ತಿ ಇಟ್ಟುಕೊಳ್ಳಿ. ನಾರ್ವೆಯ ಟ್ರಾಂಡ್‌ಹೈಮ್‌ನ ಕಂಪ್ಯೂಟರ್ ಸೈನ್ಸ್ ಪ್ರೊಫೆಸರ್ ಆಲ್ಫ್ ಇಂಗೆ ವಾಂಗ್ 2006ರಲ್ಲಿ ಶುರುಮಾಡಿದ ಪ್ರಯೋಗದಿಂದ ಬೆಳೆದು, 2013ರಲ್ಲಿ ಹೊರಬಂದ ಆಟ ಇದು. ಥಟ್ಟನೆ ಒತ್ತಿದ ಸರಿಯುತ್ತರಕ್ಕೆ 1000 ಅಂಕ, ಕೊನೇ ಕ್ಷಣದಲ್ಲಿ ಒತ್ತಿದರೆ ಸುಮಾರು ಅರ್ಧ. ಲೂಪಿನ ಸುತ್ತುಗಳನ್ನು ಬೆರಳಲ್ಲಿ ಎಣಿಸುತ್ತ ಕೂತವಳು ಹಿಂದೆ ಬೀಳುತ್ತಾಳೆ, ಕೆಂಪು ಬಣ್ಣದ ಆಯ್ಕೆ ಚೆನ್ನಾಗಿದೆಯೆಂದು ಒತ್ತಿದವನು ಮುಂದೆ ಹೋಗುತ್ತಾನೆ. ಕೊನೆಗೆ ಪರದೆಯ ಮೇಲೆ ರಾಕಿ ಭಾಯ್ ಪ್ರಥಮ, ‘ಎಚ್‌ಒಡಿ ಅಳಿಯ’ ದ್ವಿತೀಯ. ಅಂಕ ಕೊಡುವ ಗುಂಡಿಯನ್ನು ಬಂದ್ ಮಾಡಿಬಿಡುವುದು ಕ್ಷೇಮ.

ಬಳಸುವ ಕ್ರಮ: ಪರದೆಯ ಮೇಲೆ ಹೀಗೆ ಬರೆಯಿರಿ. ಎ = 5; ಬಿ = ಎ; ಎ = 7. ಈಗ ಬಿ ಎಷ್ಟು? ತಪ್ಪು ಆಯ್ಕೆಗಳನ್ನು ತಾವು ಕಲ್ಪಿಸಲು ಹೋಗಬೇಡಿ. ಕಳೆದ ವರ್ಷದ ಇಂಟರ್ನಲ್ಸ್ ಉತ್ತರ ಪತ್ರಿಕೆಗಳಲ್ಲಿ ಅದಕ್ಕಿಂತ ಒಳ್ಳೆಯವು ರಾಶಿ ಬಿದ್ದಿವೆ. ಇದನ್ನೆಲ್ಲ ಕೈ ಎತ್ತಿಸಿಯೂ ಕೇಳಬಹುದಲ್ಲ ಎನ್ನುವಿರಿ. ಕೇಳಿ ನೋಡಿ: ಮೊದಲ ಬೆಂಚಿನ ಟಾಪರ್ ಕೈ ಎತ್ತುವ ತನಕ ಒಂದು ಕೈಯೂ ಮೇಲೇಳುವುದಿಲ್ಲ, ಎತ್ತಿದ ಮೇಲೆ ಒಂದೂ ಕೆಳಗಿರುವುದಿಲ್ಲ. ಯಂತ್ರದಿಂದ ಆಗುವ ನಿಜವಾದ ಉಪಕಾರ ಇಷ್ಟೇ, ಯಾರು ತಪ್ಪಿದರೆಂದು ಅದು ಪಕ್ಕದವರಿಗೆ ತೋರಿಸುವುದಿಲ್ಲ.

ಉತ್ತರಗಳು ಬಂದವು. ಅರ್ಧದಷ್ಟು ಜನ 7 ಎಂದಿದ್ದಾರೆ. ಇಲ್ಲಿ ಬಹುತೇಕ ಬಳಕೆದಾರರು ‘ಛೆ, ಇಷ್ಟೂ ಗೊತ್ತಿಲ್ವಾ’ ಎಂದು ಬೋರ್ಡಿನತ್ತ ತಿರುಗುತ್ತಾರೆ. ತಿರುಗಬೇಡಿ. ಸರಿಯುತ್ತರವನ್ನೂ ಹೇಳಬೇಡಿ, ಯಾವ ಉತ್ತರಕ್ಕೆ ಎಷ್ಟು ಮತವೆಂಬ ನಕ್ಷೆಯನ್ನೂ ತೋರಿಸಬೇಡಿ. ಬೇರೆ ಉತ್ತರ ಕೊಟ್ಟವರೊಡನೆ ಮಾತಾಡಿ ಎಂದಷ್ಟೇ ಹೇಳಿ ಸುಮ್ಮನಿರಿ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರೊಫೆಸರ್ ಎರಿಕ್ ಮಜೂರ್ 1991ರಲ್ಲಿ ಹಿಡಿದ ದಾರಿ ಇದು. ಸ್ಯಾನ್ ಡಿಯಾಗೊದ ಬೆತ್ ಸೈಮನ್, ಲಿಯೊ ಪೋರ್ಟರ್ ಮೊದಲಾದವರು ಕಂಪ್ಯೂಟರ್ ಸೈನ್ಸಿಗೆ ತಂದರು. ಗದ್ದಲ ಶುರುವಾಗುತ್ತದೆ. ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ನಿಂತು ಇಣುಕಿದರೂ ತಡೆಯಬೇಡಿ. ಬೆಂಚುಗಳ ನಡುವೆ ಓಡಾಡಿದರೆ ಇದು ಕೇಳಿಸೀತು:

“ಲೇ, ಸಮ ಅಂದ್ಮೇಲೆ ಎರಡೂ ಒಂದೇ ಅಲ್ವೇನೋ?”

“ಇಲ್ಲ ಮಗಾ, 5 ಆಗ್ಲೇ ಕಾಪಿ ಆಗೋಯ್ತು. ಆಮೇಲೆ ಎ ಏನಾದ್ರೂ ಆಗ್ಲಿ, ಬಿಗೇನು?”

ಮೇಷ್ಟ್ರು ಮೂರು ಪೀರಿಯಡ್ ತೆಗೆದುಕೊಂಡರೂ ಅಷ್ಟು ಚೊಕ್ಕವಾಗಿ ಬಾರದ ವಿವರಣೆ ಅದು. ಹತ್ತು ವರ್ಷ ಗಣಿತದಲ್ಲಿ ಸಮಚಿಹ್ನೆ ನೋಡಿ ಬಂದವರಿಗೆ ಎಲ್ಲಿ ಎಡವುತ್ತದೆಂದು, ನಿನ್ನೆಯಷ್ಟೇ ಎಡವಿದವನಿಗೇ ಚೆನ್ನಾಗಿ ಗೊತ್ತು. ಮತ್ತೊಮ್ಮೆ ಉತ್ತರ ಕೇಳಿ. ಆಮೇಲೆ ಅದೇ ಬಗೆಯ ಇನ್ನೊಂದು ಪ್ರಶ್ನೆಯನ್ನು ಒಬ್ಬೊಬ್ಬರೇ ಬಿಡಿಸಲಿ. ತಿಳಿದು ಬದಲಿಸಿದರೋ, ನಕಲು ಹೊಡೆದರೋ ಅಲ್ಲಿ ಗೊತ್ತಾಗುತ್ತದೆ.

ದೋಷ ನಿವಾರಣೆ: ಎಲ್ಲರೂ ಸರಿ ಒತ್ತಿದರೆ ಪ್ರಶ್ನೆ ದಂಡ, ಮುಂದಕ್ಕೆ ಹೋಗಿ. ಯಾರೂ ಸರಿ ಒತ್ತದಿದ್ದರೆ ಮಾತಾಡಲು ಬಿಟ್ಟು ಫಲವಿಲ್ಲ, ಈಗ ಬೋರ್ಡಿನತ್ತ ತಿರುಗಬಹುದು. ಪೋರ್ಷನ್ ಮುಗಿಯದಿದ್ದರೆ ಪೀರಿಯಡ್ಡಿಗೆ ಎರಡೇ ಪ್ರಶ್ನೆ ಇಟ್ಟುಕೊಳ್ಳಿ. ಕೋಣೆಯಲ್ಲಿ 48 ತಲೆಗಳಿದ್ದು ಪರದೆಯಲ್ಲಿ 57 ಉತ್ತರಗಳು ಬಂದರೆ ಗಾಬರಿ ಬೇಡ. ಆಟದ ಪಿನ್ ವಾಟ್ಸ್ಆ್ಯಪ್ ಗ್ರೂಪಿಗೆ ಹೋಗಿದೆ, ಒಂಬತ್ತು ಮಂದಿ ಹಾಸ್ಟೆಲ್ಲಿನ ಹಾಸಿಗೆಯಲ್ಲಿದ್ದಾರೆ. ಹಾಜರಾತಿ ಕೊಡಬೇಡಿ. ಆದರೆ ಅವರು ಸರಿಯುತ್ತರ ಒತ್ತಿದ್ದರೆ, ನಾಳೆ ಕರೆದು ಹೇಗೆಂದು ಕೇಳಿ.