ಬಣ್ಣ ಬಳಿದರೆ ಹತ್ತು ಅಂಕ

ನಾಟಿಂಗ್‌ಹ್ಯಾಮ್ ಎಂದರೆ ರಾಬಿನ್ ಹುಡ್‌ನ ಊರು. ಉಳ್ಳವರಿಂದ ಕಿತ್ತು ಇಲ್ಲದವರಿಗೆ ಹಂಚಿದ ಎಂದು ಕತೆ. ಆ ಪರಂಪರೆಯಲ್ಲಿ ಅರ್ಧ ಅಲ್ಲಿ ಈಗಲೂ ಚೆನ್ನಾಗಿ ನಡೆದಿದೆ. ಕೀಳುವ ಅರ್ಧ.

ಊರಿನ ಲೆಂಟನ್ ಬಡಾವಣೆಯಲ್ಲಿ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿಯ ಕೇಂದ್ರ ಕಚೇರಿಯಿದೆ. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರನ್ನು ಅಚ್ಚು ಹಾಕಿ ಮಾರುವುದು ಅದರ ಕಸುಬು. ಆಟದ ಹೆಸರು ವಾರ್‌ಹ್ಯಾಮರ್. ಮೇಜಿನ ಮೇಲೆ ಎರಡು ಸೈನ್ಯ ನಿಲ್ಲಿಸಿ, ಟೇಪು ಹಿಡಿದು ದೂರ ಅಳೆದು, ದಾಳ ಉರುಳಿಸಿ ಕೊಲ್ಲುವುದು. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಶುರುಮಾಡಿದ ಕಂಪನಿ. 2024ರ ಡಿಸೆಂಬರಿನಲ್ಲಿ ಬ್ರಿಟನ್ನಿನ ನೂರು ದೊಡ್ಡ ಕಂಪನಿಗಳ ಷೇರು ಸೂಚ್ಯಂಕಕ್ಕೆ ಏರಿತು. ತೈಲದವರು, ಬ್ಯಾಂಕಿನವರು, ಔಷಧದವರು, ಪಕ್ಕದಲ್ಲಿ ಗೊಂಬೆಯವರು. 2025ರ ಜೂನ್ ಆರಂಭಕ್ಕೆ ಮುಗಿದ ವರ್ಷದ ಆದಾಯ 60 ಕೋಟಿ ಪೌಂಡ್ ದಾಟಿದೆ. ಮಕ್ಕಳ ಹುಂಡಿ ಒಡೆದು ಬಂದ ದುಡ್ಡಲ್ಲ ಅದು. ಗಡ್ಡ ನರೆತವರ ಕ್ರೆಡಿಟ್ ಕಾರ್ಡಿನದು.

ಅವರೆದುರು ‘ಆಟಿಕೆ’ ಎನ್ನಬೇಡಿ. ನಲವತ್ತು ದಾಟಿದ ಮನುಷ್ಯ ಮುಖ ಊದಿಸಿಕೊಳ್ಳುತ್ತಾನೆ. ಅದು ಹವ್ಯಾಸವಂತೆ. ಕಲೆಯಂತೆ. ಧ್ಯಾನವಂತೆ.

ಆಗಲಿ. ಧ್ಯಾನವನ್ನೇ ನೋಡೋಣ.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಸೈನಿಕನಿಲ್ಲ. ಅವನ ಬಿಡಿಭಾಗಗಳಿವೆ. ಸ್ಪ್ರೂ ಎಂಬ ಬೂದು ಚೌಕಟ್ಟಿಗೆ ಕೈ ಒಂದು ಕಡೆ, ಕಾಲು ಒಂದು ಕಡೆ, ರುಂಡ ಇನ್ನೊಂದು ಕಡೆ ಅಂಟಿಕೊಂಡಿವೆ. ಕಟ್ಟರ್ ಹಿಡಿದು ಕತ್ತರಿಸುವವರು ನೀವು. ಅಚ್ಚಿನ ಎರಡು ಹೋಳು ಕೂಡಿದ ಜಾಗದಲ್ಲಿ ಉಳಿದ ಗೆರೆಯನ್ನು ಚಾಕುವಿನ ಬೆನ್ನಿನಿಂದ ಕೆರೆಯುವವರು ನೀವು. ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಅಂಟು ಹಚ್ಚಿ, ಕೈ ಸರಿಯಾಗಿ ಕೂರುವ ತನಕ ಉಸಿರು ಬಿಗಿಹಿಡಿಯುವವರೂ ನೀವೇ. ಕಾರ್ಖಾನೆಯಲ್ಲಿ ಮುಗಿಯಬೇಕಿದ್ದ ಕೆಲಸ ನಿಮ್ಮ ಊಟದ ಮೇಜಿನ ಮೇಲೆ ನಡೆಯುತ್ತದೆ. ಅದಕ್ಕೆ ಸಂಬಳವೂ ಇದೆ. ನೀವು ಕಂಪನಿಗೆ ಕೊಡುವುದು.

ಕಟ್ಟರ್ ಪೆಟ್ಟಿಗೆಯಲ್ಲಿಲ್ಲ. ಅಂಟೂ ಇಲ್ಲ. ಬಣ್ಣ ಕೇಳಲೇಬೇಡಿ.

ಆಮೇಲೆ ಪ್ರೈಮರ್. ಬರೀ ಪ್ಲಾಸ್ಟಿಕ್ಕಿನ ಮೇಲೆ ಅಕ್ರಿಲಿಕ್ ಬಣ್ಣ ಹಿಡಿಯುವುದಿಲ್ಲ. ಜಾರುತ್ತದೆ, ಉಗುರು ತಾಗಿದರೆ ಎದ್ದು ಬರುತ್ತದೆ. ಅದಕ್ಕೇ ಸ್ಪ್ರೇ ಡಬ್ಬಿಯಿಂದ ಮೊದಲೊಂದು ತೆಳು ಪದರ. ಗೇಣು ದೂರದಿಂದ ಹೊಡೆಯಬೇಕು. ಹತ್ತಿರವಾದರೆ ಮೂಗು, ಬಾಯಿ, ಗುಂಡಿ ಎಲ್ಲ ಮುಚ್ಚಿಹೋಗುತ್ತದೆ. ದೂರವಾದರೆ ಬಣ್ಣ ಗಾಳಿಯಲ್ಲೇ ಒಣಗಿ ತರಿತರಿಯಾಗಿ ಕೂರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬಿಳಿಚಿಕೊಂಡು ಮಂಕಾಗುತ್ತದೆ. ನಕ್ಷತ್ರಲೋಕಗಳನ್ನು ಗೆಲ್ಲಲು ಹೊರಟ ವೀರ. ಒದ್ದೆ ಹವೆ ತಡೆಯಲಾರ. ಜುಲೈ ತಿಂಗಳಲ್ಲಿ ಮಂಗಳೂರಿಗೆ ಬಂದರೆ ಯುದ್ಧವಿಲ್ಲದೆ ಶರಣಾಗುತ್ತಾನೆ.

ಇನ್ನು ಬಣ್ಣ. ಮೊದಲು ಮೂಲಬಣ್ಣ. ನೀರು ಬೆರೆಸಿ, ತೆಳ್ಳಗೆ, ಎರಡು ಸಲ. ದಪ್ಪಗೆ ಒಂದೇ ಸಲ ಬಳಿದರೆ ಮಹಾಪಾತಕ. ಅದರ ಮೇಲೆ ವಾಶ್. ಕಪ್ಪು ಇಲ್ಲವೇ ಕಂದು ನೀರು ಸಂದುಗಳಿಗೆ ಇಳಿದು ನೆರಳಾಗುತ್ತದೆ. ಆಮೇಲೆ ಡ್ರೈ ಬ್ರಷ್. ಬ್ರಷ್ಷಿಗೆ ಬಣ್ಣ ಹಚ್ಚಿ, ಅಷ್ಟನ್ನೂ ಬಟ್ಟೆಗೆ ಒರೆಸಿ, ಉಳಿದ ಪುಡಿಯನ್ನು ಅಂಚುಗಳಿಗೆ ಸವರುವುದು. ದುಡ್ಡು ಕೊಟ್ಟು ತಂದ ಬಣ್ಣದಲ್ಲಿ ಮುಕ್ಕಾಲು ಪಾಲು ಬಟ್ಟೆಗೆ ಹೋಗಬೇಕು ಎಂಬುದೇ ಇಲ್ಲಿ ಶಾಸ್ತ್ರ. ಕೊನೆಗೆ ಕವಚದ ಅಂಚಂಚಿಗೂ ಕೂದಲೆಳೆಯ ಬೆಳಕಿನ ಗೆರೆ. ಕಣ್ಣಿಗೆ ಚುಕ್ಕೆ. ಸಾಸಿವೆಗಿಂತ ಚಿಕ್ಕ ಕಣ್ಣು. ನೂರಕ್ಕೆ ತೊಂಬತ್ತು ಸೈನಿಕರು ಮೆಳ್ಳಗಣ್ಣಿನಲ್ಲೇ ರಣರಂಗಕ್ಕೆ ಇಳಿಯುತ್ತಾರೆ.

ಬ್ರಷ್ಷಿನ ತುದಿ ಚೂಪಾಗಲು ನಾಲಿಗೆಗೆ ಸವರಿಕೊಳ್ಳುತ್ತಾರೆ. ಬ್ರಷ್ ತೊಳೆದ ನೀರನ್ನು ಕಾಫಿಯೆಂದು ಕುಡಿದವರಿಗೆ ಲೆಕ್ಕವಿಲ್ಲ. ಅದು ಅವರ ನಡುವೆ ಹೆಮ್ಮೆಯ ಜೋಕು. ಹಾಲು ಬಿಟ್ಟವನು, ಜೇನು ಬಿಟ್ಟವನು, ಚರ್ಮದ ಬೆಲ್ಟು ಬಿಟ್ಟವನು ಈ ಮೇಜಿನ ಮುಂದೆ ಕೂತಾಗ ಕೊಲಿನ್‌ಸ್ಕಿ ಬ್ರಷ್ಷೇ ಬೇಕೆನ್ನುತ್ತಾನೆ. ಅದು ಸೈಬೀರಿಯಾದ ಕಾಡಿನ ಬಡಪಾಯಿ ಪ್ರಾಣಿಯೊಂದರ ಬಾಲದ ಕೂದಲು. ಕರುಣೆ ಅಡುಗೆಮನೆಯ ತನಕ.

ಮೊಬೈಲಿನಿಂದ ಬಿಡುಗಡೆ ಬೇಕು, ಅದಕ್ಕೇ ಬಣ್ಣ ಬಳಿಯುತ್ತೇವೆ ಎಂದೂ ಹೇಳುತ್ತಾರೆ. ಎದುರಿಗೆ ಮೊಬೈಲ್ ನಿಲ್ಲಿಸಿ, ಬಳಿಯುವುದು ಹೇಗೆಂಬ ವಿಡಿಯೊ ಹಾಕಿಕೊಂಡು ಬಳಿಯುತ್ತಾರೆ. ಬಳಿದು ಮುಗಿದ ಮರುಗಳಿಗೆ ಅದೇ ಮೊಬೈಲಿನಲ್ಲಿ ಫೋಟೊ ಹೊಡೆದು ಊರಿಗೆಲ್ಲ ತೋರಿಸುತ್ತಾರೆ. ಇದು ಧ್ಯಾನ.

ಹೋಗಲಿ, ಕಲೆ ಎಂಬ ಮಾತಾದರೂ ನಿಲ್ಲುತ್ತದೆಯೇ? ಅಲ್ಟ್ರಾಮರೀನ್ ಪಡೆ ನೀಲಿ. ಬ್ಲಡ್ ಏಂಜೆಲ್ಸ್ ಕೆಂಪು. ಯಾವ ನೀಲಿ ಎಂಬುದನ್ನೂ ಕಂಪನಿಯೇ ಹೇಳುತ್ತದೆ, ಆ ನೀಲಿಯನ್ನು 12 ಮಿಲಿಲೀಟರಿನ ಕುಪ್ಪಿಯಲ್ಲಿ ಕಂಪನಿಯೇ ಮಾರುತ್ತದೆ. ಮೂಲಬಣ್ಣಕ್ಕೆ ಇದು, ನೆರಳಿಗೆ ಇದು, ಅಂಚಿಗೆ ಇದು ಎಂದು ಪಟ್ಟಿ ಕೊಡುತ್ತದೆ. ಪಟ್ಟಿ ಬಿಟ್ಟು ಯಾರಾದರೂ ಗುಲಾಬಿ ಬಳಿದರೆ ಮೇಜಿನ ಆಚೆಯವನು ಹುಬ್ಬೇರಿಸುತ್ತಾನೆ. ಕಲಾವಿದರ ಕೂಟದಲ್ಲಿ ಸಮವಸ್ತ್ರ ತಪಾಸಣೆ.

ಇಷ್ಟಾಗಿ, ಬಣ್ಣ ಬಳಿಯದ ಸೈನ್ಯ ತಂದರೆ ಏನಾಗುತ್ತದೆ? ವಾರ್‌ಹ್ಯಾಮರ್ 40,000 ಈ ಆಟದ ಅಂತರಿಕ್ಷ ಅವತಾರ. ಅದರ ಪಂದ್ಯದಲ್ಲಿ ಒಟ್ಟು 100 ಅಂಕ. ಅದರಲ್ಲಿ 10 ಅಂಕ ಸೈನ್ಯಕ್ಕೆ ಪೂರ್ತಿ ಬಣ್ಣ ಬಳಿದಿದ್ದಕ್ಕೆ. 2020ರ ಆವೃತ್ತಿಯಿಂದ ಇದು ನಿಯಮ. ಕೋಟೆ ಕಳೆದುಕೊಳ್ಳಿ, ಸೇನಾಪತಿಯನ್ನು ಕಳೆದುಕೊಳ್ಳಿ, ಬಟ್ಟೆ ಇಸ್ತ್ರಿಯಾಗಿದ್ದರೆ ಹತ್ತು ಅಂಕ ಗ್ಯಾರಂಟಿ. ಕುಪ್ಪಿ ಮಾರುವವನೇ ನಿಯಮ ಬರೆದರೆ ಯುದ್ಧನೀತಿ ಹೀಗೇ ಇರುತ್ತದೆ.

ನಿಯಮ ಎಂದರೆ ಪುಸ್ತಕ. ಪುಸ್ತಕಕ್ಕೂ ಆಯುಷ್ಯವಿದೆ. 2017ರಲ್ಲಿ ಹೊಸ ಆವೃತ್ತಿ, 2020ರಲ್ಲಿ ಹೊಸ ಆವೃತ್ತಿ, 2023ರಲ್ಲಿ ಹೊಸ ಆವೃತ್ತಿ. ಪ್ರತಿ ಸೈನ್ಯಕ್ಕೂ ಕೋಡೆಕ್ಸ್ ಎಂಬ ದಪ್ಪ ರಟ್ಟಿನ ಪುಸ್ತಕ ಬೇರೆ. ವರ್ಲ್ಡ್ ಈಟರ್ಸ್ ಎಂಬ ಸೈನ್ಯದವರು ತಮ್ಮದೇ ಕೋಡೆಕ್ಸ್ ಬೇಕೆಂದು ವರ್ಷಗಟ್ಟಲೆ ಕಾದಿದ್ದರು. 2023ರ ಫೆಬ್ರವರಿಯಲ್ಲಿ ಬಂತು. ಜೂನ್‌ನಲ್ಲಿ ಹೊಸ ಆವೃತ್ತಿ ಬಂದು ಅದು ರದ್ದಾಯಿತು. ನಮ್ಮ ಬೀದಿಯ ರದ್ದಿ ಅಂಗಡಿಯವನಾದರೂ ಕಿಲೋಗೆ ಇಷ್ಟೆಂದು ಎಣಿಸಿ ಕೊಡುತ್ತಾನೆ.

ಪುಸ್ತಕ ಸತ್ತರೆ ಬದುಕಬಹುದು. ಒಮ್ಮೆ ಲೋಕವೇ ಸತ್ತಿತು. 1983ರಿಂದ ನಡೆದುಬಂದಿದ್ದ ಮೂಲ ವಾರ್‌ಹ್ಯಾಮರ್ ಕತ್ತಿ-ಕುದುರೆಗಳ ಲೋಕದ್ದು. 2015ರಲ್ಲಿ ಕಂಪನಿ ಆ ಲೋಕಕ್ಕೆ ಪ್ರಳಯ ತಂದು ಮುಗಿಸಿತು. ಕಥೆಯಲ್ಲೂ, ಕಪಾಟಿನಲ್ಲೂ. ಬ್ರೆಟೋನಿಯಾದ ಕುದುರೆ ಸವಾರರು, ಟೂಂಬ್ ಕಿಂಗ್ಸ್‌ನ ಅಸ್ಥಿಪಂಜರಗಳು ಮಾರಾಟದಿಂದಲೇ ಮಾಯ. ಒಬ್ಬನಂತೂ ತನ್ನ ಡಾರ್ಕ್ ಎಲ್ಫ್ ಸೈನ್ಯಕ್ಕೆ ಬೆಂಕಿ ಹಚ್ಚಿ ವಿಡಿಯೊ ಮಾಡಿದ. ಶೋಕಾಚರಣೆ ಮುಗಿಯಿತು. 2024ರ ಜನವರಿಯಲ್ಲಿ ಕಂಪನಿ ಅದೇ ಲೋಕವನ್ನು ‘ದಿ ಓಲ್ಡ್ ವರ್ಲ್ಡ್’ ಎಂದು ಮತ್ತೆ ಬಿಟ್ಟಿತು. ಮೊದಲು ಬಂದವರು ಯಾರು? ಬ್ರೆಟೋನಿಯಾ. ಟೂಂಬ್ ಕಿಂಗ್ಸ್. ಹಳೆಯ ಎಷ್ಟೋ ಅಚ್ಚುಗಳೇ, ಹೊಸ ಪೆಟ್ಟಿಗೆಯಲ್ಲಿ. ಅತ್ತವರೇ ಸಾಲಿನಲ್ಲಿ ಮೊದಲು ನಿಂತರು.

ಈಗ ಕತೆಗೆ ಬರೋಣ. ಇಲ್ಲಿ ನನಗೆ ನಿಜವಾಗಿ ಉರಿಯುತ್ತದೆ.

1987ರಲ್ಲಿ ಹುಟ್ಟಿದ 40,000ದ ಲೋಕದಲ್ಲಿ ಮನುಷ್ಯಕುಲವನ್ನು ಆಳುವುದು ಒಂದು ಸಾಮ್ರಾಜ್ಯ. ಅದರ ಚಕ್ರವರ್ತಿ ಹತ್ತು ಸಾವಿರ ವರ್ಷದಿಂದ ಚಿನ್ನದ ಸಿಂಹಾಸನದ ಮೇಲೆ ಹೆಣದಂತೆ ಕೂತಿದ್ದಾನೆ. ಅವನನ್ನು ಹಾಗೆ ಕೂರಿಸಿಡಲು ದಿನಕ್ಕೆ ಸಾವಿರ ಜನರ ಬಲಿ. ಪ್ರಶ್ನೆ ಕೇಳಿದವನು ಧರ್ಮದ್ರೋಹಿ. ಬೇರೆ ಕುಲದವನು ಕೊಲ್ಲಬೇಕಾದವನು. ಥ್ಯಾಚರ್ ಕಾಲದ ಬ್ರಿಟನ್ನಿನವರು ಅಧಿಕಾರದ ಹುಚ್ಚನ್ನು ಗೇಲಿ ಮಾಡಲು ಕಟ್ಟಿದ ಲೋಕ ಇದು. ಚೆನ್ನಾಗಿಯೇ ಕಟ್ಟಿದರು.

ಆದರೆ ಗೇಲಿ ಮಾರಾಟವಾಗುವುದಿಲ್ಲ. ವೀರ ಮಾರಾಟವಾಗುತ್ತಾನೆ. ಹಾಗಾಗಿ ಪೆಟ್ಟಿಗೆಯ ಮೇಲೆ ಅದೇ ಸಾಮ್ರಾಜ್ಯದ ಅಂತರಿಕ್ಷ ಸೈನಿಕ ಸ್ಪೇಸ್ ಮರೀನ್ ಎದೆಯುಬ್ಬಿಸಿ ನಿಂತ. ಕಾದಂಬರಿಯಲ್ಲಿ ಅವನೇ ನಾಯಕ. ವಿಡಿಯೊ ಗೇಮಿನಲ್ಲೂ ಅವನೇ. ಮೂವತ್ತಕ್ಕೂ ಹೆಚ್ಚು ವರ್ಷ ಹೀಗೆ ಮಾರಿದ ಮೇಲೆ, 2021ರಲ್ಲಿ ಸ್ಪೇನ್ ದೇಶದ ಒಂದು ಪಂದ್ಯಾವಳಿಗೆ ಆಟಗಾರನೊಬ್ಬ ನಾಜಿ ಚಿಹ್ನೆಯ ಬಟ್ಟೆ ತೊಟ್ಟು ಬಂದ. ಆಗ ಕಂಪನಿಗೆ ಎಚ್ಚರವಾಯಿತು. ನವೆಂಬರಿನಲ್ಲಿ ಹೇಳಿಕೆ ಹೊರಟಿತು: ಸ್ವಾಮಿ, ಸಾಮ್ರಾಜ್ಯದವರು ಒಳ್ಳೆಯವರಲ್ಲ, ಇದೆಲ್ಲ ವಿಡಂಬನೆ.

ವ್ಯಂಗ್ಯ ಬರೆದು ಹೊಟ್ಟೆ ಹೊರೆಯುವವನಾಗಿ ಒಂದು ಮಾತು ಹೇಳುವ ಹಕ್ಕು ನನಗಿದೆ. ವ್ಯಂಗ್ಯಕ್ಕೆ ಕಂಪನಿ ಕಚೇರಿಯಿಂದ ಸ್ಪಷ್ಟನೆ ಹೊರಡಿಸಬೇಕಾಗಿ ಬಂದರೆ, ಅದು ವ್ಯಂಗ್ಯವಾಗಿ ಉಳಿದಿಲ್ಲ. ಜಾಹೀರಾತಾಗಿದೆ.

ಅಭಿಮಾನಿಗಳೇನು ಕಡಿಮೆಯೇ? 2024ರ ಏಪ್ರಿಲ್‌ನಲ್ಲಿ ಚಕ್ರವರ್ತಿಯ ಅಂಗರಕ್ಷಕ ಪಡೆಯಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡಳು. ಶುರುವಾಯಿತು ರಂಪ. ದಿನಕ್ಕೆ ಸಾವಿರ ಬಲಿ ತಿನ್ನುವ ಹೆಣವನ್ನು ನಂಬುತ್ತಾರೆ. ಬೂಷ್ಟಿನಂತೆ ನೆಲದಿಂದ ಮೊಳೆಯುವ ಆರ್ಕ್‌ಗಳನ್ನು ನಂಬುತ್ತಾರೆ. ಹೆಂಗಸಿನ ಕೈಯಲ್ಲಿ ಈಟಿ ಎಂದರೆ ವಾಸ್ತವಕ್ಕೆ ದೂರವಂತೆ! ಕಂಪನಿ ತನ್ನದೇ ಹಳೆಯ ಪುಸ್ತಕಗಳಲ್ಲಿ ಆ ಪಡೆಗೆ ಕುಲೀನರ ಗಂಡುಮಕ್ಕಳನ್ನು ಆರಿಸುತ್ತಾರೆಂದು ಬರೆದಿತ್ತು. ಈಗ ಅದನ್ನು ಬದಲಿಸಿದ್ದೇವೆ ಎಂದರೆ ಮುಗಿಯುತ್ತಿತ್ತು. ಹಾಗನ್ನಲಿಲ್ಲ. ಹೆಂಗಸರು ಮೊದಲಿನಿಂದಲೂ ಇದ್ದರು ಎಂದಿತು. ಇವರಿಗೆ ಅವರು ತಕ್ಕವರು.

ಇನ್ನು ಆಸ್ತಿ ವಿಚಾರ. ಎಲ್ಫ್, ಡ್ವಾರ್ಫ್, ಆರ್ಕ್ ಬಂದದ್ದು ಟೋಲ್ಕಿನ್‌ರ ಅಂಗಳದಿಂದ. ಎಂಟು ಬಾಣಗಳ ಕೇಯಾಸ್ ಎಂಬ ಖಳಪಡೆಯ ಚಿಹ್ನೆ ಕಾದಂಬರಿಕಾರ ಮೈಕೆಲ್ ಮೂರ್‌ಕಾಕ್‌ರದು. ಅಂತರಿಕ್ಷ ಸೈನಿಕ ಎಂಬ ಕಲ್ಪನೆ ಈ ಕಂಪನಿ ಹುಟ್ಟುವ ಎಷ್ಟೋ ಮೊದಲೇ ಅಮೆರಿಕದ ಅಗ್ಗದ ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. ತಪ್ಪಿಲ್ಲ, ಕತೆಗಳು ಹಾಗೇ ಬೆಳೆಯುವುದು. ಆದರೆ ಎಂ.ಸಿ.ಎ. ಹೊಗಾರ್ಥ್ ಎಂಬ ಅಮೆರಿಕದ ಲೇಖಕಿ ತನ್ನ ಕಾದಂಬರಿಯ ಹೆಸರಿನಲ್ಲಿ ‘ಸ್ಪೇಸ್ ಮರೀನ್’ ಎಂದು ಬರೆದಾಗ ಕಂಪನಿ ದೂರು ಕೊಟ್ಟಿತು. ಅಮೆಜಾನ್ ಆ ಪುಸ್ತಕವನ್ನು ತೆಗೆದುಹಾಕಿತು. ಗಲಾಟೆಯಾದ ಮೇಲೆ 2013ರ ಫೆಬ್ರವರಿಯಲ್ಲಿ ಮರಳಿ ಇಟ್ಟಿತು. 2021ರಲ್ಲಿ ಅಭಿಮಾನಿಗಳು ಸ್ವಂತ ಖರ್ಚಿನಲ್ಲಿ ಮಾಡುತ್ತಿದ್ದ ಅನಿಮೇಷನ್ ಚಿತ್ರಗಳಿಗೂ ನಿಷೇಧದ ನಿಯಮ ಬಂತು. ಅದೇ ಆಗಸ್ಟಿನಲ್ಲಿ ಕಂಪನಿಯ ಸ್ವಂತ ಅನಿಮೇಷನ್ ಚಂದಾ ಸೇವೆ ಶುರು. ಕಾಕತಾಳೀಯ ಎನ್ನುವವರು ಎನ್ನಲಿ.

‘ನಿಮ್ಮ ಸೈನ್ಯ, ನಿಮ್ಮ ಕತೆ’ ಎಂಬ ಪುಸಲಾವಣೆ ಈ ಲೋಕದಲ್ಲಿ ಎಲ್ಲೆಲ್ಲೂ ಕೇಳುತ್ತದೆ. ಹೆಸರು ಅವರದು. ಬಣ್ಣ ಅವರದು. ನಿಯಮ ಅವರದು. ಅವರ ಅಂಗಡಿಯ ಮೇಜಿನ ಮೇಲೆ ಬೇರೆ ಕಂಪನಿಯ ಗೊಂಬೆ ಇಡುವಂತಿಲ್ಲ. ನಿಮ್ಮದು ಎಂದರೆ ಬೆನ್ನುನೋವು.

ಈ ಆಟದ ಹಿರಿಯರಲ್ಲಿ ಒಬ್ಬರು ಕಾದಂಬರಿಕಾರ ಎಚ್.ಜಿ. ವೆಲ್ಸ್. ನೆಲದ ಮೇಲೆ ಸೀಸದ ಸೈನಿಕರನ್ನು ನಿಲ್ಲಿಸಿ ಸ್ಪ್ರಿಂಗ್ ಫಿರಂಗಿಯಿಂದ ಉರುಳಿಸುವ ಆಟಕ್ಕೆ ನಿಯಮ ಬರೆದು 1913ರಲ್ಲಿ ‘ಲಿಟಲ್ ವಾರ್ಸ್’ ಪ್ರಕಟಿಸಿದರು. ಯುದ್ಧದ ತೆವಲಿದ್ದವರು ಇಲ್ಲೇ ತೀರಿಸಿಕೊಳ್ಳಲಿ, ನಿಜವಾದ ಯುದ್ಧ ಮೂರ್ಖತನ ಎಂಬುದು ವಾದ. ಮರುವರ್ಷ ಮಹಾಯುದ್ಧ ಬಂತು. ಅದೇ ವೆಲ್ಸ್ ಪೆನ್ನು ಹಿಡಿದು, ಇದು ಯುದ್ಧಗಳನ್ನೇ ಕೊನೆಗಾಣಿಸುವ ಯುದ್ಧ ಎಂದು ಬರೆದರು. ಶಾಂತಿ ಜಮಖಾನೆಯ ಅಂಚಿನ ತನಕ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಲಂಡನ್ನಿಗೆ ಯಾರೇ ಹೋದರೂ ಬರುವಾಗ ಇವನಿಗೊಂದು ಪೆಟ್ಟಿಗೆ. ಮಂಚದ ಕೆಳಗೆಲ್ಲ ಪೆಟ್ಟಿಗೆ. ಕೊಳ್ಳುವ ವೇಗಕ್ಕೆ ಬಳಿಯುವ ಕೈ ಸಾಲದೆ ಬೂದು ಬಣ್ಣದಲ್ಲೇ ಉಳಿದ ಆ ರಾಶಿಯನ್ನು ಇವರು ‘ನಾಚಿಕೆಯ ರಾಶಿ’ ಎಂದು ಕರೆಯುತ್ತಾರೆ. ನಾಚಿಕೆಯಂತೂ ಯಾರ ಮುಖದಲ್ಲೂ ಕಾಣಲಿಲ್ಲ. ಅಳತೆ ಹೇಳಿಕೊಂಡು ಮೆರೆಯುತ್ತಾರೆ.

“ಅಲ್ಲಯ್ಯಾ, ಇಷ್ಟು ಸೈನ್ಯ ಇಟ್ಟುಕೊಂಡಿದ್ದೀಯಲ್ಲ, ಒಮ್ಮೆಯಾದರೂ ಯುದ್ಧ ಮಾಡಿದ್ದೀಯಾ?” ಎಂದೆ.

“ಎಲ್ಲಿ ಮಾಮ? ನನ್ನ ಜತೆ ಆಡ್ತೀನಿ ಅಂದಿದ್ದ ಫ್ರೆಂಡು ಟೊರಾಂಟೊಗೆ ಹೋಗ್ಬಿಟ್ಟ.”

“ಹಾಗಾದ್ರೆ ನಿಲ್ಸು ಇನ್ನು.”

“ಹೇಗ್ ನಿಲ್ಸೋದು ಮಾಮ? ಎದುರಾಳಿ ಇಲ್ಲ ಅಂತ ಅವನ ಸೈನ್ಯನೂ ನಾನೇ ತರಿಸಿದೀನಿ. ಅದಕ್ಕಿನ್ನೂ ಪ್ರೈಮರ್ ಹೊಡೆದಿಲ್ಲ, ಮಳೆ ನಿಲ್ಲಲಿ ಅಂತ ಕಾಯ್ತಿದೀನಿ.”