ಹೋಲ್ಡಾನ್ ಅನ್ನೋರಿಲ್ಲದ ವಿಮಾನ

ತಾಳಬೆಟ್ಟದಿಂದ ಮಾದಪ್ಪನ ಬೆಟ್ಟದವರೆಗೆ ತಿರುವಿನ ಮೇಲೆ ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ಎದುರಿಗೆ ಸರ್ಕಾರಿ ಬಸ್ಸು, ನಡುವೆ ಉಘೇ ಎನ್ನುತ್ತ ಪಾದಯಾತ್ರೆಯವರು. ನಮ್ಮ ಟಿಟಿ ಗಾಡಿಗಳು ಇದೆಲ್ಲದರ ನಡುವೆ ನುಸುಳಿ ಹತ್ತಿ ಇಳಿಯುತ್ತವೆ. ಅದೇ ಜಾತಿಯ ಟೆಂಪೊ ಟ್ರಾವೆಲರ್ ಒಂದು 2025ರ ಏಪ್ರಿಲ್ 18ರ ಮಧ್ಯಾಹ್ನ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ದನವಿಲ್ಲದ, ಹಂಪಿಲ್ಲದ, ಗುಂಡಿಯಿಲ್ಲದ ಕಾಂಕ್ರೀಟಿನ ಮೇಲೆ, ಇಂಡಿಗೊ ವಿಮಾನದ ಮೂತಿಯಡಿ ನುಗ್ಗಿ ತಲೆ ಜಜ್ಜಿಕೊಂಡಿತು. ವಿಮಾನ ಹಾರುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಪಾಪ, ಸುಮ್ಮನೆ ನಿಂತಿತ್ತು. ಚಾಲಕನಿಗೆ ಮಂಪರು ಹತ್ತಿತ್ತಂತೆ ಎಂದು ವರದಿಗಳು ಬಂದವು. ಯಾರಿಗೂ ಗಾಯವಾಗಲಿಲ್ಲ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಟೀ ಅಂಗಡಿ ಇಂಥ ಸುದ್ದಿಗೆ ಕೇಳುವ ಪ್ರಶ್ನೆ ಒಂದೇ: "ಕಂಡಕ್ಟ್ರು ಎಲ್ಲೋಗಿದ್ನ ಸಿವಾ?"

ಪ್ರಶ್ನೆ ನಗುವಂಥದ್ದಲ್ಲ. ಹನೂರಿನ ಬಸ್ಸು ಹಿಂದಕ್ಕೆ ತೆಗೆಯಬೇಕಾದರೆ ಇಲ್ಲಿ ಕಂಡಕ್ಟರ್ ಕೆಳಗಿಳಿದು, ಬಾಡಿ ಬಡಿಯುತ್ತ, "ಬರ್ಲಿ, ಬರ್ಲಿ, ಹೋಲ್ಡಾನ್" ಎನ್ನುತ್ತಾನೆ. ಅವನು ಕಾಫಿಗೆ ಹೋಗಿದ್ದರೆ ಹೂವಿನ ಅಕ್ಕ ಹೇಳುತ್ತಾಳೆ. ಅವಳು ಗಿರಾಕಿಯ ಜೊತೆ ಚೌಕಾಸಿಯಲ್ಲಿದ್ದರೆ ಯಳಂದೂರಿನ ಬಸ್ಸಿಗೆ ಕಾದ ಮುದುಕಪ್ಪ ಹೇಳುತ್ತಾನೆ. ಒಬ್ಬರೂ ಬಿಲ್ ಕಳಿಸುವುದಿಲ್ಲ.

ವಿಮಾನಕ್ಕೂ ಈ ಏರ್ಪಾಡು ಇದೆ. ಹೊಳೆಯುವ ಕೋಲು ಬೀಸುವವನು ಮಾರ್ಷಲರ್, ರೆಕ್ಕೆಯ ತುದಿ ಕಾಯುವವನು ವಿಂಗ್ ವಾಕರ್. ದೊಡ್ಡ ವಿಮಾನದ ಪೈಲಟ್‌ಗೆ ಕೂತಲ್ಲಿಂದ ತನ್ನ ರೆಕ್ಕೆಯ ತುದಿಯೇ ಕಾಣುವುದಿಲ್ಲ. 2011ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಏರ್ ಫ್ರಾನ್ಸಿನ ಎ380, ಸುಮಾರು 80 ಮೀಟರ್ ರೆಕ್ಕೆ ಬಿಚ್ಚಿಕೊಂಡು ಹೋಗುತ್ತ, ಪಕ್ಕದ ಪುಟ್ಟ ವಿಮಾನವನ್ನು ಬುಗುರಿಯ ಹಾಗೆ ತಿರುಗಿಸಿಬಿಟ್ಟಿತು. ಮರುವರ್ಷ ಅಮೆರಿಕದ ತನಿಖಾ ಮಂಡಳಿ, ದೊಡ್ಡ ವಿಮಾನಗಳಿಗೆ ರೆಕ್ಕೆಯ ತುದಿ ತೋರಿಸುವ ಕ್ಯಾಮೆರಾದಂಥ ಸಾಧನ ಬೇಕೆಂದು ಶಿಫಾರಸು ಮಾಡಿತು. 2024ರ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಡೆಲ್ಟಾ ಕಂಪನಿಯ ಎ350, ತನ್ನದೇ ಅಂಗಸಂಸ್ಥೆಯ ವಿಮಾನದ ಬಾಲ ಮುರಿಯಿತು. ನಾವೇನು ಹಿಂದೆ ಬಿದ್ದಿಲ್ಲ. ಅದೇ ವರ್ಷದ ಮಾರ್ಚ್ 27ರಂದು ಕೋಲ್ಕತ್ತದಲ್ಲಿ ದರ್ಭಾಂಗಕ್ಕೆ ಹೊರಟ ಇಂಡಿಗೊದ ರೆಕ್ಕೆ, ಚೆನ್ನೈಗೆ ಹೊರಟು ಸರದಿಗೆ ಕಾಯುತ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ರೆಕ್ಕೆಗೆ ತಗುಲಿತು. ಇಂಡಿಗೊದ ಇಬ್ಬರು ಪೈಲಟ್‌ಗಳನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎ ಕೆಲಸದಿಂದ ದೂರ ಇರಿಸಿತು.

ತಲೆ ಎಣಿಸಿ ರೈಟ್ ಹೇಳುವ ವಿದ್ಯೆಯಲ್ಲೂ ನಮ್ಮವರೇ ಮುಂದು. 2023ರ ಜನವರಿ 9ರಂದು ಬೆಂಗಳೂರಿನಿಂದ ದೆಹಲಿಗೆ ಹೊರಟ ಗೋ ಫಸ್ಟ್ ವಿಮಾನ, ವಿಮಾನದ ಬಳಿಗೆ ಕರೆದೊಯ್ಯುವ ಬಸ್ಸಿನಲ್ಲಿದ್ದ 55 ಪ್ರಯಾಣಿಕರನ್ನು ಅಲ್ಲೇ ಮರೆತು ಹಾರಿತು. ದಂಡ 10 ಲಕ್ಷ ರೂಪಾಯಿ. ಕೊಳ್ಳೇಗಾಲದಲ್ಲಿ ಒಂದು ಅಜ್ಜಿಯನ್ನು ಬಿಟ್ಟು ಹೊರಟು ನೋಡಿ. ಸರ್ಕಲ್ ದಾಟುವ ಮೊದಲೇ ಇಡೀ ಬಸ್ಸು ಕಿರುಚುತ್ತದೆ.

ದೇವನಹಳ್ಳಿಯ ಏಪ್ರಿಲ್ ಗುದ್ದಾಟದ ಮಾತಿಗೆ ಬರೋಣ. ಮೂರನೆಯವರ ವಾಹನ ಎಂದರು ವಿಮಾನ ಕಂಪನಿಯವರು. ಮೂರನೆಯ ಏಜೆನ್ಸಿಯ ವಾಹನ ಎಂದರು ನಿಲ್ದಾಣದವರು. ಇಂಥ ಒಮ್ಮತ ನಮ್ಮ ವಿಧಾನಸಭೆಯಲ್ಲೂ ಸಿಗದು. ಇನ್ನು ಮೂರನೆಯವರು ಬೆರಳು ತೋರಿಸಬೇಕೆಂದರೆ ಉಳಿಯುವವನು ಒಬ್ಬನೇ, ಸ್ಟಿಯರಿಂಗ್ ಹಿಂದೆ ಕಣ್ಣು ಎಳೆಯುತ್ತ ಕೂತವನು. ಕೋಟಿಗಟ್ಟಲೆಯ ವಿಮಾನದ ಸುತ್ತ ಓಡಾಡುವ ಕೆಲಸ ಎಷ್ಟು ಕೈ ದಾಟಿ ಇಳಿಯುತ್ತದೋ, ಸಂಬಳವೂ ಅಷ್ಟೇ ಇಳಿಯುತ್ತದೆ. ಇಳಿಯದೇ ಉಳಿಯುವುದು ಹೊಣೆ. ಅದು ಇಡಿಯಾಗಿ ಕೊನೆಯವನ ತಲೆಗೆ ತಲುಪುತ್ತದೆ.

ಪೈಲಟ್ ನಿದ್ದೆಗೆ ಕಾನೂನಿದೆ. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದ ನಿಯಮಗಳು ಪೂರ್ತಿ ಜಾರಿಗೆ ಬಂದದ್ದೇ ತಡ, 2025ರ ಡಿಸೆಂಬರ್‌ನಲ್ಲಿ ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಿ ಕೂತಿತು. ಡಿಜಿಸಿಎ ನಿಯಮ ಸಡಿಲಿಸಿತು. ಮೇಲಿನವನ ನಿದ್ದೆಯ ಗತಿಯೇ ಇದಾದರೆ ಕೆಳಗಿನವನದ್ದನ್ನು ಕೇಳುವವರಾರು? ಚಾಲಕ ಕುಡಿದಿದ್ದಾನೋ ಎಂದು ಊದಿಸಿ ನೋಡುವ ಯಂತ್ರವಿದೆ. ರಾತ್ರಿ ಮಲಗಿದ್ದನೋ ಎಂದು ಊದಿಸಿ ನೋಡುವ ಯಂತ್ರ ಇನ್ನೂ ಬಂದಿಲ್ಲ.

ದೇವನಹಳ್ಳಿಯವರು ಕೊಳ್ಳೇಗಾಲದಿಂದ ಕಲಿಯುತ್ತಾರೆಂದು ಯಾರೂ ಕನಸು ಕಾಣಬೇಡಿ. ಗಾಳಿ ಬೀಸುತ್ತಿರುವುದು ಅಲ್ಲಿಂದ ಇಲ್ಲಿಗೆ. ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಈಗಾಗಲೇ ಕಂಡಕ್ಟರ್ ಸಂಸ್ಥೆಯವನು, ಡ್ರೈವರ್ ಖಾಸಗಿ ಕಂಪನಿಯವನು. ಆ ಏರ್ಪಾಡು ಕನಕಪುರದ ರಸ್ತೆ ಹಿಡಿದು, ಮಳವಳ್ಳಿ ದಾಟಿ, ಕಾವೇರಿ ಸೇತುವೆ ಇಳಿದರೆ ನಮ್ಮ ಬಸ್ ಸ್ಟ್ಯಾಂಡಿಗೂ ಅಂತರರಾಷ್ಟ್ರೀಯ ದರ್ಜೆ. ಸೀಟಿ ಒಬ್ಬರ ಟೆಂಡರ್, "ಬರ್ಲಿ" ಇನ್ನೊಬ್ಬರದು, "ಹೋಲ್ಡಾನ್" ಮತ್ತೊಬ್ಬರದು. ಬಿಟ್ಟಿಯಾಗಿ ಕೂಗುವ ಹೂವಿನ ಅಕ್ಕನಿಗೆ ಅನಧಿಕೃತ ಸೇವೆಯ ನೋಟಿಸು. ಬಸ್ಸು ಅವಳ ಅಂಗಡಿಗೆ ನುಗ್ಗಿದ ದಿನ ಗೋಡೆಗೆ ಅಂಟುವ ಪ್ರಕಟಣೆಯೂ ಸಿದ್ಧ:

"ಘಟನೆಯ ವೇಳೆ 'ಬರ್ಲಿ' ಗುತ್ತಿಗೆ ಚಾಲ್ತಿಯಲ್ಲಿತ್ತು. 'ಹೋಲ್ಡಾನ್' ಗುತ್ತಿಗೆಯ ನವೀಕರಣ ಪರಿಶೀಲನೆಯಲ್ಲಿದೆ."