ಹೊಗೆಯಿದ್ದಲ್ಲಿ ಎಚ್‌ಪಿ: ಕೊಕಟನೂರ ಟ್ರ್ಯಾಕ್ಟರ್ ಮೀಮಾಂಸೆ

ಶಾಸ್ತ್ರಗ್ರಂಥಗಳು ‘ಅಥ’ ಎಂದು ಶುರುವಾಗುವುದು ವಾಡಿಕೆ. ಈ ಗ್ರಂಥ ಅಥಣಿಯಿಂದ ಶುರುವಾಗುತ್ತದೆ. ಅಲ್ಲಿಂದ ಕೊಕಟನೂರಿಗೆ ಹೊರಟವನು ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ ತತ್ತ್ವಚಿಂತನೆಗೆ ಬೇಕಾದಷ್ಟು ಬಿಡುವು ಸಿಗುತ್ತದೆ. ಅನುಬಂಧ ಚತುಷ್ಟಯ ಹೀಗಿದೆ. ವಿಷಯ: ಯಾವ ಎಂಜಿನ್ ದೊಡ್ಡದು? ಅಧಿಕಾರಿ: ಚಹಾದಂಗಡಿಯ ಬೆಂಚಿನ ಮೇಲೆ ಕೂತವನು. ಸಂಬಂಧ: ಅವನಿಗೂ ಟ್ರ್ಯಾಕ್ಟರಿಗೂ ನಡುವೆ ಇರುವ ಬ್ಯಾಂಕಿನ ಕಂತು. ಪ್ರಯೋಜನ: ಇನ್ನೊಂದು ಚಹಾ.

ಮೊದಲು ಮಾನದ ವಿಚಾರ. ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರ ಮಾರುವುದಕ್ಕಾಗಿ ಕುದುರೆಯನ್ನು ಅಳತೆಗೋಲು ಮಾಡಿದ. ನಿಮಿಷಕ್ಕೆ 33,000 ಪೌಂಡ್ ಭಾರವನ್ನು ಒಂದಡಿ ಎತ್ತಿದರೆ ಒಂದು ಅಶ್ವಶಕ್ತಿ. ಪುಣ್ಯಾತ್ಮ ಖಿಲಾರಿ ಎತ್ತು ಕಂಡವನಲ್ಲ. ಕೃಷಿ ಎಂಜಿನಿಯರಿಂಗ್ ಪಠ್ಯಗಳು ಒಂದು ಜೋಡಿ ಎತ್ತಿಗೆ ಸುಮಾರು ಒಂದು ಎಚ್‌ಪಿ ಕೊಡುತ್ತವೆ. ಆ ಲೆಕ್ಕದಲ್ಲಿ 50 ಎಚ್‌ಪಿ ಟ್ರ್ಯಾಕ್ಟರ್ ಕೊಂಡವನ ಕೊಟ್ಟಿಗೆಯಲ್ಲಿ ನೂರು ಎತ್ತು ನಿಂತಂತಾಯಿತು. ಕೊಕಟನೂರಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಆದರೂ ಈ ನೂರಕ್ಕೆ ಕೆಮ್ಮು ಹತ್ತಿದಾಗ ಜನ ಗ್ಯಾರೇಜಿನ ಮಿಸ್ತ್ರಿಯ ಹತ್ತಿರವೇ ಓಡುತ್ತಾರೆ.

ಇನ್ನು ಮತಗಳು. ಮಹೀಂದ್ರಾ 575ಕ್ಕೆ ನಾಲ್ಕು ಸಿಲಿಂಡರ್, 45 ಎಚ್‌ಪಿ. ಈ ಮತದವರು ಚತುರ್ವೇದಿಗಳು. ಸ್ವರಾಜ್ 855ಕ್ಕೆ ಮೂರೇ, ಆದರೆ ಒಂದೊಂದೂ ದಪ್ಪ, ಇವರು ತ್ರಿವೇದಿಗಳು. ಜಾನ್ ಡಿಯರ್ 5310 ಕೂಡ ಮೂರರಲ್ಲೇ 55 ಎಚ್‌ಪಿ ತೆಗೆಯುತ್ತದಾದ್ದರಿಂದ ಆ ಮತದವರು ಬೆಂಚಿನ ತುದಿಯಲ್ಲಿ ಕೂತು ಹೆಚ್ಚು ಮಾತಾಡುವುದಿಲ್ಲ. ಎಚ್‌ಎಂಟಿ 5911 ಲುಪ್ತ ಶಾಖೆ. ಪಿಂಜೋರಿನ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಆದರೆ ಶಾಖೆ ಲುಪ್ತವಾದಷ್ಟೂ ಅದರ ಮಹಿಮೆ ಹೆಚ್ಚುವುದು ಎಲ್ಲ ಶಾಸ್ತ್ರಗಳಲ್ಲೂ ಉಂಟು. ಮೊದಲೆರಡು ಮತಗಳ ವಾದ ಕೈಕೈ ಮಿಲಾಯಿಸುವ ತನಕ ಬಂದಾಗ ಯಾರಾದರೂ ಒಂದು ಸಂಗತಿ ನೆನಪಿಸುವುದೊಳ್ಳೆಯದು: ಸ್ವರಾಜ್ ಮಾಡುತ್ತಿದ್ದ ಪಂಜಾಬ್ ಟ್ರ್ಯಾಕ್ಟರ್ಸ್ ಕಂಪನಿಯನ್ನು 2007ರಲ್ಲಿ ಕೊಂಡುಕೊಂಡದ್ದು ಮಹೀಂದ್ರಾ. ಮಾಲೀಕ ಒಬ್ಬನೇ, ಶೋರೂಮ್ ಎರಡು. ಅದ್ವೈತವನ್ನು ಇಷ್ಟು ಸರಳವಾಗಿ ಯಾವ ಮಠವೂ ಬೋಧಿಸಿಲ್ಲ.

ಯಾವುದು ದೊಡ್ಡದೆಂದು ತಿಳಿಯಲು ಪ್ರಮಾಣಗಳು ಬೇಕು. ಪ್ರತ್ಯಕ್ಷ ಪ್ರಮಾಣವೆಂದರೆ ಈ ಸೀಮೆಯ ಜಾತ್ರೆಗಳಲ್ಲಿ ನಡೆಯುವ ಜಗ್ಗಾಟ. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಸರಪಳಿ ಬಿಗಿಯುತ್ತಾರೆ. ಗೆದ್ದವನು ಎಂಜಿನ್ ಹೊಗಳುತ್ತಾನೆ, ಸೋತವನು ಟೈರಿಗೆ ಬೈಯುತ್ತಾನೆ. ವಿಚಿತ್ರವೆಂದರೆ ಸೋತವನ ಮಾತೇ ಶಾಸ್ತ್ರಸಮ್ಮತ. ಎಂಜಿನ್ ಎಷ್ಟೇ ಒದರಲಿ, ಗಾಲಿ ನೆಲ ಹಿಡಿಯದಿದ್ದರೆ ಅದು ತಿರುಗಿ ಮಣ್ಣು ಹಾರಿಸುತ್ತದೆ ಅಷ್ಟೆ. ಅದಕ್ಕೇ ಬಲ್ಲವರು ಹಿಂದಿನ ಟೈರಿನೊಳಗೆ ನೀರು ತುಂಬಿಸಿ ಬರುತ್ತಾರೆ. ಗೆಲುವಿನ ದೊಡ್ಡ ಪಾಲು ಬೋರ್‌ವೆಲ್ಲಿನದು, ಹಾರ ಮಾತ್ರ ಬಾನೆಟ್ಟಿಗೆ.

ಶಬ್ದಪ್ರಮಾಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೈಲೆನ್ಸರ್ ಬಿಚ್ಚಿದ ಟ್ರ್ಯಾಕ್ಟರ್ ಮೂರು ಊರಾಚೆಗೂ ತನ್ನ ಪ್ರಮಾಣವನ್ನು ತಾನೇ ಒಪ್ಪಿಸುತ್ತದೆ. ಅನುಮಾನ ಪ್ರಮಾಣ ಸೂಕ್ಷ್ಮವಾದದ್ದು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆಯೆಂದು ನೈಯಾಯಿಕರು ಊಹಿಸಿದರು. ಅಥಣಿ ಕಡೆಯ ನೈಯಾಯಿಕರು ದಿಣ್ಣೆಯ ಮೇಲೆ ಕಪ್ಪು ಹೊಗೆ ಕಂಡರೆ ಡೀಸೆಲ್ ಪಂಪ್ ಏರಿಸಿದ್ದಾರೆಂದು ಊಹಿಸುತ್ತಾರೆ. ಗಾಳಿ ಇದ್ದಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಾದರೆ ಅದು ಪೂರ್ತಿ ಉರಿಯದೆ ಮಸಿಯಾಗಿ ಹೊರಗೆ ಬರುತ್ತದೆ. ಅಂದರೆ ಊರ ಜನ ಶಕ್ತಿಯೆಂದು ಬೆರಗಿನಿಂದ ನೋಡುವುದು, ಶಕ್ತಿಯಾಗದೆ ಉಳಿದ ಡೀಸೆಲನ್ನು.

‘ಕಾಕಾ, ಪಂಪ್ ಏರಿಸೀರೇನ?’

‘ಏ ತಮ್ಮಾ, ಕಂಪನಿಯಿಂದ ಬಂದಂಗ ಐತಿ. ನಟ್‌ಗೆ ಪಾನಾ ಸುದ್ದಾ ಹಚ್ಚಿಲ್ಲ.’

ಈ ಉತ್ತರವನ್ನು ಯಾವ ಪ್ರಮಾಣದಡಿ ಸೇರಿಸಬೇಕೆಂದು ಪ್ರಾಚೀನರು ಹೇಳಿಲ್ಲ. ಸರ್ಕಾರವೂ ಹೊಗೆಯ ಮೇಲೆ ಒಂದು ಭಾಷ್ಯ ಬರೆದಿದೆ. 2023ರ ಜನವರಿಯಿಂದ 50 ಎಚ್‌ಪಿ ದಾಟಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ನಿಯಮ ಬಂತು. ಹಳೆಯ ಪಂಪು ಸಾಲದೆ ದುಬಾರಿ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆ ಬೇಕಾಯಿತು. ಮಹೀಂದ್ರಾದ ಅರ್ಜುನ್ 555ರ ಪಟ್ಟಿಯಲ್ಲಿ 49.3 ಎಚ್‌ಪಿ ಎಂದಿದೆ. ಆ ದಶಮಾಂಶದಲ್ಲಿರುವ ವಿನಯವನ್ನು ಗಮನಿಸಬೇಕು.

ಉಳಿದದ್ದು ಉಪಮಾನ. ಅಮೆರಿಕದ ಪಿಕಪ್ ಮತದಲ್ಲಿ 2021ರ ರಾಮ್ ಟಿಆರ್‌ಎಕ್ಸ್ ಎಂಬ ವಾಹನ ಉಂಟು. 6.2 ಲೀಟರಿನ ವಿ-8, ಮೇಲೆ ಸೂಪರ್‌ಚಾರ್ಜರ್, 702 ಎಚ್‌ಪಿ. ಅದಕ್ಕೆ ಎದುರಾಗಿ ಫೋರ್ಡ್ ಕಂಪನಿ 2023ರ ಮಾದರಿಯಾಗಿ 700 ಎಚ್‌ಪಿಯ ರ‍್ಯಾಪ್ಟರ್ ಆರ್ ತಂದಿತು. ಆ ಎರಡು ಎಚ್‌ಪಿ ಅಂತರಕ್ಕೆ ಅಲ್ಲಿಯ ಚಹಾದಂಗಡಿಗಳಲ್ಲಿ ಎಷ್ಟು ಬೆಂಚು ಮುರಿದವೋ. ಟಿಆರ್‌ಎಕ್ಸ್ ಹಿಂದೆ ಕಟ್ಟಿ ಎಳೆಯಬಹುದಾದ ಭಾರಕ್ಕೆ ಕಂಪನಿ ಹಾಕಿದ ಮಿತಿ 8,100 ಪೌಂಡ್, ಸುಮಾರು 3.7 ಟನ್. ಕೊಕಟನೂರ ಕಡೆಯ 50 ಎಚ್‌ಪಿ ಟ್ರ್ಯಾಕ್ಟರ್ ಹದಿನೈದಿಪ್ಪತ್ತು ಟನ್ ಕಬ್ಬು ಜಗ್ಗುತ್ತದೆ. ಅಮೆರಿಕದ್ದು 702 ತೆಗೆಯಲು ನಿಮಿಷಕ್ಕೆ 6,300 ಸುತ್ತು ತಿರುಗಬೇಕು. ನಮ್ಮದು ಎರಡು ಸಾವಿರದ ಆಸುಪಾಸಿನಲ್ಲಿ ಗೊಣಗುತ್ತಾ, ಗೇರುಗಳಲ್ಲಿ ವೇಗವನ್ನು ಕಳೆದು ಬಲವನ್ನು ಗಳಿಸುತ್ತದೆ. ಕಬ್ಬಿಗೆ ಅವಸರವಿಲ್ಲ. ಹಿಂದಿನ ಬಸ್ಸಿನವರಿಗೆ ಇದೆ, ಆದರೆ ಅವರು ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ.

ದಿಣ್ಣೆ ಬಂದಾಗ ಮಾತ್ರ ಸಿದ್ಧಾಂತದ ಮೂತಿ ಮೇಲೇಳುತ್ತದೆ. ಹಿಂದಿನ ಭಾರಕ್ಕೆ ಮುಂದಿನ ಗಾಲಿ ನೆಲ ಬಿಡುತ್ತದೆ, ಸ್ಟೇರಿಂಗ್ ಬರೀ ಅಲಂಕಾರವಾಗುತ್ತದೆ. ಆಗ ಇಬ್ಬರು ಹುಡುಗರು ಹಾರಿ ಬಂಪರ್ ಮೇಲೆ ಕೂರುತ್ತಾರೆ. ಇವರನ್ನು ಎಂಜಿನ್ ಪ್ಯಾಕೇಜಿನ ಭಾಗವೆಂದು ಎಣಿಸಬೇಕೋ ಬೇಡವೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ; ವಿಮಾ ಕಂಪನಿಗಿಲ್ಲ. ಇಳಿಜಾರಿನ ವಿಚಾರ ಇನ್ನೂ ಕಷ್ಟದ್ದು. ಬಹುತೇಕ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಜಗ್ಗುವುದರ ಮೇಲೆ ಭಾಷ್ಯಗಳು ರಾಶಿ ಬಿದ್ದಿವೆ. ನಿಲ್ಲಿಸುವುದರ ಮೇಲೆ ಒಂದು ಹಾಳೆಯೂ ಸಿಗಲಿಲ್ಲ.

ಆಕ್ಷೇಪ: ಸಕ್ಕರೆ ಕಾರ್ಖಾನೆಗೆ ಮೊದಲು ಮುಟ್ಟಿದ್ದೇ ದೊಡ್ಡ ಎಂಜಿನ್ ಅಲ್ಲವೇ? ಸಮಾಧಾನ: ಮುಟ್ಟುವುದೆಂದರೆ ಗೇಟಿನ ಹೊರಗಿನ ಸಾಲಿನ ಬಾಲ ಮುಟ್ಟುವುದು. ಅಲ್ಲಿ ಚಾವಿ ತಿರುವಿ ಎಂಜಿನ್ ಆರಿಸುತ್ತಾರೆ. ಚತುರ್ವೇದಿ, ತ್ರಿವೇದಿ ಎಲ್ಲರದೂ ಸೊನ್ನೆ ಎಚ್‌ಪಿ. ಟಿಆರ್‌ಎಕ್ಸ್ ತಂದು ನಿಲ್ಲಿಸಿದರೂ ಅಷ್ಟೇ. ಸ್ವರಾಜ್ ಮತದವರು ಇದನ್ನೂ ಒಪ್ಪುವುದಿಲ್ಲ: ಸಾಲು ಒಂದು ಗಾಡಿಯಷ್ಟು ಸರಿದಾಗ ಮೊದಲು ಸ್ಟಾರ್ಟ್ ಆಗುವುದು ತಮ್ಮದೇ ಎಂದು ವಾದಿಸುತ್ತಾರೆ. ಕಳೆದ ವಾರ ಹೊಸ ಬ್ಯಾಟರಿ ಹಾಕಿಸಿದ ಸಂಗತಿಯನ್ನು ಅವರು ಎತ್ತುವುದಿಲ್ಲ.